ಮಹಾರಾಜರು ಇನ್ನೂ ಎದ್ದಿಲ್ಲ

ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಒಲಿಯುತ್ತದಂತೆ. ನನಗೆ ಒಲಿದದ್ದು ನಿದ್ದೆ. ಹೇಳಿಕೊಳ್ಳಲು ಸಂಕೋಚವೇನಿಲ್ಲ. ಸಂಗೀತಗಾರರು ಗುರುಗಳ ಹೆಸರು ಬಂದಾಗ ಕಿವಿ ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ ನಾನೂ ನನ್ನ ಗುರುವಾದ ಡೊಂಬಿವಲಿಯ ಸ್ಲೋ ಲೋಕಲ್ ರೈಲನ್ನು ನೆನೆದೇ ಕಣ್ಣು ಮುಚ್ಚುತ್ತೇನೆ. ವಿಕ್ರೋಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ದುಡಿದು ಈಗ ನಿವೃತ್ತನಾಗಿದ್ದೇನೆ. ಅಷ್ಟೂ ವರ್ಷ ಆ ಗಾಡಿಯಲ್ಲಿ ಕೂತು ಮಲಗಿದ್ದೇನೆ, ನಿಂತು ಮಲಗಿದ್ದೇನೆ, ಎರಡು ಹೊಟ್ಟೆಗಳ ನಡುವೆ ಸಿಕ್ಕಿ ಕಾಲು ನೆಲಕ್ಕೆ ತಾಗದೆಯೂ ಮಲಗಿದ್ದೇನೆ. ಆದರೆ ಒಂದು ದಿನವೂ ನನ್ನ ಸ್ಟೇಶನ್ ತಪ್ಪಿಸಿಕೊಂಡವನಲ್ಲ. ‘ಅಗಲಾ ಸ್ಟೇಶನ್ ವಿಕ್ರೋಳಿ’ ಎಂದು ಡಬ್ಬಿಯ ಸ್ಪೀಕರಿನೊಳಗಿನ ತಾಯಿ ಮೂಗಿನಲ್ಲಿ ನುಡಿದಳೆಂದರೆ ಕಣ್ಣು ತೆರೆಯುವ ಮೊದಲೇ ನನ್ನ ಕೈ ತಲೆಯ ಮೇಲಿನ ಹಲಗೆಯಲ್ಲಿದ್ದ ಚೀಲಕ್ಕೆ ಹೋಗಿರುತ್ತಿತ್ತು. ಮನೆಯಲ್ಲಿ ಕತೆಯೇ ಬೇರೆ. ಅಲ್ಲಿ ನನ್ನ ಹೆಂಡತಿ ಶಾಂತಾ, ಧಾರವಾಡದವಳು, ಬೆಳಿಗ್ಗೆ “ಏಳ್ರೀ, ಚಹಾ ಆರಿತು” ಎಂದು ಮೆತ್ತಗೆ ಶುರುಮಾಡುತ್ತಿದ್ದಳು. ಆಮೇಲೆ ದನಿ ಏರುತ್ತಿತ್ತು. ಆ ದನಿಗೆ ಮೇಲಿನ ಮಹಡಿಯ ಮರಾಠಿ ಕುಟುಂಬದವರು ಎದ್ದು, ತಮ್ಮ ಚಹಾ ಕುಡಿದು, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ನಾನು ಮಗ್ಗುಲು ಬದಲಿಸುತ್ತಿದ್ದೆ. ಕೊನೆಗೆ ಅವಳು ಫ್ಯಾನು ಆರಿಸಿ ಮುಖಕ್ಕೆ ನೀರು ಚಿಮುಕಿಸುವ ಹೊತ್ತಿಗೆ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು, ಅವಳ ಮುಖದ ಮೇಲೂ.

ಇಂಥ ನಾನು ಸಿನೆಮಾಕ್ಕೆ ಸೇರಿದ್ದು ದಸ್ತಗೀರನಿಂದ. ವಿಜಾಪುರದ ಕಡೆಯವನು, ಮುಂಬ್ರಾದಲ್ಲಿ ಅದೇ ಡಬ್ಬಿಗೆ ಹತ್ತುತ್ತಿದ್ದ. ಗೋರೆಗಾಂವ್‌ನ ಶೂಟಿಂಗುಗಳಿಗೆ ಜನ ಒದಗಿಸುವುದು ಅವನ ಕಸುಬು. ಸೈನಿಕರು ಬೇಕೇ, ಮದುವೆಯ ಬೀಗರು ಬೇಕೇ, ಬೆಂಕಿ ಬಿದ್ದಾಗ ಓಡುವವರು ಬೇಕೇ, ದಸ್ತಗೀರ ತರುತ್ತಾನೆ. ನಾನು ನಿವೃತ್ತನಾದ ಮೇಲೆ ಒಂದು ದಿನ ಮನೆ ಹುಡುಕಿಕೊಂಡು ಬಂದು, “ಕಾಕಾ, ಒಂದ್ ಹೆಣದ್ ಪಾತ್ರ ಅದ. ಜೀವಂತ ಮನಷ್ಯಾ ನಿಮ್ಮಷ್ಟು ಛಲೋ ಸತ್ತದ್ದು ನಾ ನೋಡೇ ಇಲ್ಲ” ಎಂದ. ಇಷ್ಟು ಮನಸಾರೆ ಹೊಗಳಿದ ಮೇಲೆ ಯಾರು ತಾನೇ ಒಲ್ಲೆನ್ನುತ್ತಾರೆ? ಕಲ್ಲಿನ ಪೆಟ್ಟಿಗೆಯೊಳಗೆ ಸಾವಿರ ವರ್ಷದಿಂದ ಬಿದ್ದಿರುವ ಶಾಪಗ್ರಸ್ತ ಮಹಾರಾಜ ನಾನು. ಕಲ್ಲು ಥರ್ಮಾಕೋಲಿನದು, ಒಳಗೆ ಫೋಮ್, ಮೇಲೆ ಏಸಿ. ಗಡ್ಡ, ಕಿರೀಟ, ಮೈಗೆಲ್ಲ ಬೂದಿ. ನನ್ನ ತಲೆಯ ಮೇಲೆ ಇಬ್ಬರು ನಾಯಕರು ಕತ್ತಿ ಝಳಪಿಸುತ್ತಿದ್ದರು. ಬೇರೆ ಹೆಣಗಳು ಸೀನಿದವು, ಕೆಮ್ಮಿದವು, ಒಂದು ಹೆಣವಂತೂ ಮೊಬೈಲು ನೋಡುತ್ತ ಸಿಕ್ಕಿಬಿತ್ತು. ನಾನು ಮಾತ್ರ ನಿಶ್ಚಲ. ಊಟಕ್ಕೂ ಏಳದ ಕಲಾವಿದನೆಂದು ಹೆಸರಾಯಿತು.

ಆ ಸಿನೆಮಾ ಓಡಿತು. ಓಡಿದ್ದೇ ತಪ್ಪಾಯಿತು. ಈ ಊರಿನಲ್ಲಿ ಒಂದು ಸಿನೆಮಾ ಓಡಿದರೆ ಅದರಲ್ಲಿ ಸತ್ತವರಿಗೂ ನೆಮ್ಮದಿಯಿಲ್ಲ. ಎರಡನೆಯ ಭಾಗಕ್ಕೆ ಅವರು ಎದ್ದು ಬರಲೇಬೇಕು. ದಸ್ತಗೀರ ಪೇಢೆ ಹಿಡಿದುಕೊಂಡು ಬಂದು, “ಕಾಕಾ, ಈ ಸಲಾ ಮಹಾರಾಜ ಏಳ್ತಾನ” ಎಂದ. ಶಾಂತಾ ಒಳಗಿನಿಂದಲೇ, “ಯಾರು, ಇವರು?” ಎಂದಳು. ಆ ಎರಡು ಮಾತಿನಲ್ಲಿ ನನ್ನ ಇಡೀ ದಾಂಪತ್ಯದ ಚರಿತ್ರೆಯಿತ್ತು. ಸಂಜೆ ಭಜನೆಗೆ ಹೋಗಿ ಅಲ್ಲಿನ ಹೆಂಗಸರಿಗೂ ಹೇಳಿ, ಅವರನ್ನೆಲ್ಲ ನಗಿಸಿ ಬಂದಳು. ನನಗೆ ರೇಗಿತು. ಎದ್ದು ತೋರಿಸುತ್ತೇನೆ, ನೋಡುತ್ತಿರು ಎಂದೆ. “ನನ್ನ ಮುಂದಂತೂ ಏಳಲಿಲ್ಲ. ಆ ಪರದೆ ಮ್ಯಾಲರ ಏಳ್ರಿ, ಕಣ್ಣು ತುಂಬಾ ನೋಡ್ತೀನಿ” ಎಂದಳು. ನಗುತ್ತಲೇ ಅಂದಳು, ಆದರೂ ಚುಚ್ಚಿತು.

ಸೆಟ್ಟಿಗೆ ಹೋದೆ. ಮಹಾರಾಜ ಯಾವ ಊರಿನವನು, ಶಾಪ ಏಕೆ ಬಂತು ಎಂದು ನಿರ್ದೇಶಕನನ್ನು ಕೇಳಿದೆ. ಕೂದಲು ಮೇಲೆ ಕಟ್ಟಿದ್ದ ತರುಣ ಅವನು. ಮುಖ ಸಣ್ಣಗೆ ಮಾಡಿಕೊಂಡ. ಮೊದಲು ರಾಜನಿಗೆ ಹೆಸರಿತ್ತಂತೆ, ವಕೀಲರು ತೆಗೆಸಿದರಂತೆ. ಹೆಸರಿದ್ದರೆ ಯಾರಾದರೂ ‘ನಮ್ಮವನು’ ಎನ್ನುತ್ತಾರೆ. ರಾಜ್ಯವಿದ್ದರೆ ಅಲ್ಲಿ ಸಿನೆಮಾ ನಿಲ್ಲಿಸುತ್ತಾರೆ. ಶಾಪ ಕೊಟ್ಟ ಋಷಿಯಿದ್ದರೆ ಋಷಿಯ ಕಡೆಯವರು ಕೋರ್ಟಿಗೆ ಹೋಗುತ್ತಾರೆ. ಹೀಗೆ ಹೆಸರು, ಜಾತಿ, ಭಾಷೆ, ಊರು ಎಲ್ಲ ಕಳೆದು ರಾಜನಲ್ಲಿ ಉಳಿದದ್ದು ಮೀಸೆ ಮತ್ತು ಸಿಟ್ಟು. “ಅಂಕಲ್, ಸಾವಿರ ವರ್ಷದ ಸಿಟ್ಟು ಬೇಕು,” ಎಂದ ಹಿಂದಿಯಲ್ಲಿ. ಯಾರ ಮೇಲೆ ಎಂದು ಕೇಳಿದೆ. “ಅದೂ ಪಕ್ಕಾ ಆಗಿಲ್ಲ,” ಎಂದ. ಇಂದಿನ ದಿನಮಾನಕ್ಕೆ ಇದಕ್ಕಿಂತ ಹೊಂದುವ ಅರಸು ಇನ್ನೆಲ್ಲಿ ಸಿಕ್ಕಾನು ಎಂದುಕೊಂಡು ಪೆಟ್ಟಿಗೆಯಲ್ಲಿ ಮಲಗಿದೆ.

ಮುಂದಿನದು ನಾನು ಕಂಡದ್ದಲ್ಲ, ದಸ್ತಗೀರ ಹೇಳಿದ್ದು. ಲೈಟು ಸರಿಮಾಡುವುದರಲ್ಲಿ ಅವರು ಬಹಳ ಹೊತ್ತು ಕಳೆದರು. ಏಸಿ ತಂಪು, ಫೋಮು ಮೆತ್ತಗೆ. ಕೊನೆಗೆ ‘ಆಕ್ಷನ್’ ಎಂದರು. ನಾಯಕಿ ತಾಳೆಗರಿ ಹಿಡಿದು ಮಂತ್ರ ಓದಿದಳು, ಹೊಗೆ ಎದ್ದಿತು, ಮುಚ್ಚಳ ಸರಿಯಿತು. ಒಳಗಿನಿಂದ ಗೊರಕೆ ಬಂತು. ನಿರ್ದೇಶಕ ಮೊದಲ ಸಲ ಇದು ನಟನೆಯೆಂದು ತಿಳಿದು ಮೆಚ್ಚಿದನಂತೆ. ಎರಡನೆಯ ಸಲ ಶಂಖ ಊದಿಸಿದ. ಮೂರನೆಯ ಸಲ ನಗಾರಿ ಬಾರಿಸಿದರು. ದಸ್ತಗೀರ ಚಿವುಟಿದ. ನಿರ್ಮಾಪಕರು, “ಪಕ್ಕದ ಸೆಟ್ಟಿನಲ್ಲಿ ಜಿಮ್ಮಿನ ಹುಡುಗನೊಬ್ಬನಿದ್ದಾನೆ, ಗಡ್ಡ ಅವನಿಗೆ ಅಂಟಿಸಿ” ಎಂದರು. ನನ್ನ ಕಿರೀಟಕ್ಕೆ ಕೈ ಬಿದ್ದೇಬಿಟ್ಟಿತ್ತು. ದಸ್ತಗೀರ ಕೈಕಾಲು ಹಿಡಿದು ಇನ್ನೊಂದು ಟೇಕು ಕೇಳಿಕೊಂಡು, ಶಾಂತಾಳಿಗೆ ಫೋನು ಹಚ್ಚಿ ಪೆಟ್ಟಿಗೆಯೊಳಗೆ ಹಿಡಿದ. ಅವಳು ರೂಢಿಯಂತೆ “ಏಳ್ರೀ, ಚಹಾ ಆರಿತು” ಎಂದಳು. ನಾನೂ ರೂಢಿಯಂತೆ ಮಗ್ಗುಲು ಬದಲಿಸಿದೆ. ಗೊರಕೆ ಅವಳಿಗೂ ಕೇಳಿಸಿತಂತೆ. ಆಮೇಲೆ, “ದಸ್ತಗೀರಪ್ಪಾ, ನನ್ನ ದನಿಗೆ ಅವರು ಏಳೂದಿಲ್ಲ. ‘ಅಗಲಾ ಸ್ಟೇಶನ್ ವಿಕ್ರೋಳಿ’ ಅನ್ನು” ಎಂದು ಫೋನು ಇಟ್ಟಳಂತೆ.

ಕೊನೆಯ ಟೇಕು. ಮಂತ್ರ, ಹೊಗೆ, ಮುಚ್ಚಳ. ದಸ್ತಗೀರ ಮೂಗಿನಲ್ಲಿ ಆ ಮಾತು ನುಡಿದ. ಸಾವಿರ ವರ್ಷ ಮಲಗಿದ್ದ ಮಹಾರಾಜ ಒಂದೇ ಏಟಿಗೆ ಎದ್ದ. ತಲೆಯ ಮೇಲೆ ಕೈ ಚಾಚಿ, ಅಲ್ಲಿ ತೂಗುತ್ತಿದ್ದ ತಲೆಬುರುಡೆಯನ್ನು ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡ. ಕತ್ತಿ ಹಿಡಿದು ನಿಂತ ಇಬ್ಬರು ನಾಯಕರನ್ನು ಮೊಣಕೈಯಿಂದ ಆಚೀಚೆ ತಳ್ಳಿ, ಗುಹೆಯ ಬಾಗಿಲಿಗೆ ಹೋಗಿ, ಒಂದು ಕಾಲು ಹೊರಗಿಟ್ಟು, ಅಲ್ಲಿದ್ದ ರಾಕ್ಷಸ ಕಾವಲುಗಾರನ ಬೆನ್ನು ತಟ್ಟಿ, “ಉತರ್‌ನಾ ಹೈ ಕ್ಯಾ?” ಎಂದು, ಇಳಿಯದೆ ಡಬ್ಬಿಯ ಬಾಗಿಲಿಗೆ ಅಡ್ಡ ನಿಂತವನನ್ನು ಕೇಳುವಂತೆ ಗದರಿದ. ಇಡೀ ಸೆಟ್ಟು ಚಪ್ಪಾಳೆ ತಟ್ಟಿತು. ನನಗೆ ಆಗ ಎಚ್ಚರವಾಯಿತು. ಇಷ್ಟು ನಿಜವಾದ ಸಿಟ್ಟನ್ನು ತಾನು ಕಂಡೇ ಇಲ್ಲ ಎಂದ ನಿರ್ದೇಶಕ. ಸಿನೆಮಾದಲ್ಲಿ ನನ್ನ ತುಟಿಗೆ ಯಾರದೋ ಗಡಸು ದನಿ ಕೂರಿಸಿ ‘ಸರ್ವನಾಶ ಹೋಗಾ’ ಎನ್ನಿಸಿದ್ದಾರೆ. ಕಲ್ಯಾಣದ ಥಿಯೇಟರಿನಲ್ಲಿ ಜನ ಶಿಳ್ಳೆ ಹಾಕಿದರು. ಭಜನೆಯ ಹೆಂಗಸರು ಶಾಂತಾಳ ಕೈ ಕುಲುಕಿದರು. ಅವಳು ನಕ್ಕಳು, ಆದರೆ ಕಣ್ಣು ತುಂಬಾ ನೋಡಿದಂತೆ ಕಾಣಲಿಲ್ಲ.

ಮನೆಗೆ ಬಂದು ಕೇಳಿದೆ. ಅಷ್ಟು ಸುಲಭದ ಮಂತ್ರ ಗೊತ್ತಿದ್ದೂ ಇಷ್ಟು ವರ್ಷ ಗಂಟಲು ಏಕೆ ಹರಿದುಕೊಂಡೆ ಎಂದು. ಅವಳು ಸೀರೆ ಮಡಿಸುತ್ತಿದ್ದಳು.

“ಮದುವ್ಯಾಗಿ ಹೊಸದಾಗಿ ಬಂದಾಗ ಒಮ್ಮೆ ಅದನ್ನ ಅಂದಿದ್ದೆ. ನೀವು ಎದ್ರಿ. ಎದ್ದು, ಚೀಲಾ ತಗೊಂಡು, ನನ್ನ ದೂಡಿ ಬಾಗಲಾ ತಗದು ಹೊಂಟೇಬಿಟ್ರಿ. ಚಹಾ ಹಂಗೇ ಉಳೀತು. ನನಗ ಬೇಕಾಗಿದ್ದು ಮನ್ಯಾಗ ಎದ್ದು ಕೂಡೋ ಮನಷ್ಯಾ ರೀ, ಇಳಿದು ಹೋಗಾವ ಅಲ್ಲ.”

ಅಂದು ನನಗೆ ನಿದ್ದೆ ಬರಲಿಲ್ಲ. ನನ್ನಂಥ ವಿದ್ವಾಂಸನ ಪಾಲಿಗೆ ಅದು ಸಣ್ಣ ಸಂಗತಿಯಲ್ಲ. ಬೆಳಿಗ್ಗೆ ಅವಳ ಬಳೆಯ ಸದ್ದು ಕೇಳಿದಾಗಲೇ ಎಚ್ಚರವಿದ್ದೆ. “ಏಳ್ರೀ” ಎಂದಳು. ಚಹಾ ಆರಿತು ಎನ್ನುವಷ್ಟರಲ್ಲಿ ಎದ್ದು ಕೂತು ಕಪ್ಪಿಗೆ ಕೈ ಚಾಚಿದೆ. ಶಾಂತಾ ಗಾಬರಿಯಾಗಿ ಕಪ್ಪು ಕೆಳಗಿಟ್ಟಳು. ಹತ್ತಿರ ಬಂದು, “ಯಾಕ್ರೀ, ಜ್ವರಾ ಬಂದಾವೇನು?” ಎಂದು ಹಣೆಯ ಮೇಲೆ ಅಂಗೈ ಇಟ್ಟಳು. ಆ ಕೈ ತಂಪಾಗಿತ್ತು. ಆ ಸುಖಕ್ಕೆ ಒಂದೇ ಒಂದು ಕ್ಷಣ ಕಣ್ಣು ಮುಚ್ಚಿದೆ ಎಂದು ನಾನು ಹೇಳುತ್ತೇನೆ. ಚಹಾವನ್ನು ಎರಡು ಸಲ ಬಿಸಿಮಾಡಬೇಕಾಯಿತು ಎಂದು ಅವಳು ಹೇಳುತ್ತಾಳೆ.