ಸಿಗರೇಟಿಗೊಂದು ಆಣೆ ದಂಡ

"ಇವ ಸಿಗರೇಟು ಬಿಡುವುದಾ? ಜುಹೂ ಸಮುದ್ರ ಬತ್ತಿದ ಮೇಲೆ" ಎಂದವರು ನನ್ನ ಹೆಂಡತಿಯ ಅಣ್ಣ ವಾಸು ಭಾವ. ಸಾಂತಾಕ್ರೂಜ್‌ನಲ್ಲಿ ಅವರದೊಂದು ಹೋಟೆಲು. ನಾನಾದರೋ ಹಗಲು ಇನ್ನೊಂದು ಹೋಟೆಲಿನಲ್ಲಿ ಬಿಲ್ಲು ಬರೆದು, ಸಂಜೆ ಕಾಲೇಜಿಗೆ ಓಡಿ, ನಮ್ಮ ವಂಶದಲ್ಲೇ ಮೊದಲ ಬಿ.ಎ. ಆದವನು. ಅದೂ ಅರ್ಥಶಾಸ್ತ್ರದಲ್ಲಿ. ಬ್ಯಾಂಕಿನಲ್ಲಿ ಕೆಲಸವೂ ಸಿಕ್ಕಿತ್ತು. ಅದು ಕಾಯಂ ಆಗಲು ವೈದ್ಯಕೀಯ ಸರ್ಟಿಫಿಕೇಟು ಒಂದೇ ಬಾಕಿ. ಡಾಕ್ಟರು ಎದೆಗೆ ಕೊಳವೆಯಿಟ್ಟು, "ಒಳಗೆ ಹಾರ್ಮೋನಿಯಂ ಕೇಳಿಸುತ್ತಿದೆ. ಸಿಗರೇಟು ಬಿಟ್ಟು ದೀಪಾವಳಿ ಕಳೆದ ಮೇಲೆ ಬನ್ನಿ. ಆಗಲೂ ಹೀಗೇ ಇದ್ದರೆ ಸಹಿ ಹಾಕುವುದಿಲ್ಲ" ಎಂದರು.

ನಾನು ಎದೆಗುಂದಲಿಲ್ಲ. ಮನುಷ್ಯ ನಷ್ಟಕ್ಕೆ ಹೆದರುತ್ತಾನೆಂದು ಓದಿದ್ದೆನಲ್ಲ. ಪಾರ್ಲೆಯ ಚಾಳಿನ ನಮ್ಮ ಖೋಲಿಯಲ್ಲಿ ಹೆಂಡತಿ ಗಿರಿಜೆಯ ಸಮಕ್ಷಮ ಘೋಷಿಸಿದೆ: ಸೇದಿದ ಪ್ರತಿ ಸಿಗರೇಟಿಗೆ ಒಂದಾಣೆ ದಂಡ. ಆ ದುಡ್ಡು ಹಳದಿ ಬಟ್ಟೆಯಲ್ಲಿ ಕಟ್ಟಿ ಊರ ದೇವರಿಗೆ ಮುಡಿಪು. ಹಾಕಿದ್ದನ್ನು ಯಾರೂ ತೆಗೆಯುವಂತಿಲ್ಲ.

ಎಡವಿದ್ದು ಇಲ್ಲೇ. ಮೊದಲು ಸೇದುವಾಗ ಸ್ವಲ್ಪ ಅಳುಕಾದರೂ ಇತ್ತು. ಈಗ ಪ್ರತಿ ಸಿಗರೇಟೂ ದೇವರ ಸೇವೆಯಾಯಿತು. ಸಂಕಷ್ಟಿಯ ದಿನ ಎರಡು ಹೆಚ್ಚು ಸೇದಿದೆ. ಪಕ್ಕದ ಖೋಲಿಯ ಧಾರವಾಡದ ದೇಸಾಯರು ಸುದ್ದಿ ಕೇಳಿ ಆಣೆ ಹಿಡಿದೇ ಬಂದರು.

"ಪುಣ್ಯದ ಕೆಲಸ ಅದ ರೀ. ನನಗೂ ಒಂದು ಕೊಡ್ರಿ."

ಮುಡಿಪು ದಪ್ಪವಾಯಿತು. ನನ್ನ ಕೆಮ್ಮೂ.

ಒಂದು ಬೆಳಿಗ್ಗೆ ಗಿರಿಜೆ ಆ ಗಂಟನ್ನು ದೇವರ ಮುಂದಿಟ್ಟು ಕೈಮುಗಿದಳು.

"ದೇವರಿಗೆ ಸಾಕು. ಇನ್ನು ದಂಡ ಅಣ್ಣನಿಗೆ."

"ಯಾವ ಅಣ್ಣನಿಗೆ?"

"ನನಗೆ ಎಷ್ಟು ಅಣ್ಣಂದಿರು ಉಂಟು? ನೀವೇ ಹೋಟೆಲಿಗೆ ಹೋಗಿ, ಗಲ್ಲಾದ ಮುಂದೆ ನಿಂತು, ಅವನ ಕೈಯಲ್ಲೇ ಕೊಡಬೇಕು."

ಇಂಥ ಯೋಜನೆ ನನ್ನ ಪ್ರೊಫೆಸರರಿಗೂ ಹೊಳೆದಿರಲಿಲ್ಲ. ಈಗಲೂ ನೆನೆದರೆ ಅವಳಿಗೆ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.

ಕೊಟ್ಟದ್ದು ಒಂದೇ ಸಲ. ಭಾವ ಆಣೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಗಿರಾಕಿಗಳಿಗೆಲ್ಲ ಕೇಳುವಂತೆ, "ಬಿ.ಎ. ಸಾಹೇಬರು ಕಂದಾಯ ಕಟ್ಟಲಿಕ್ಕೆ ಬಂದಿದ್ದಾರೆ. ನಾಳೆಯೂ ಬಾ ಮಾರಾಯ, ಚಹಾ ಫ್ರೀ" ಎಂದರು. ಆಮೇಲೆ ಸಿಗರೇಟು ತುಟಿಗಿಟ್ಟಾಗಲೆಲ್ಲ ಆ ಮುಖ ಕಣ್ಣ ಮುಂದೆ ಬಂದು ನಗುತ್ತಿತ್ತು. ಕಡ್ಡಿ ಗೀರಲು ಕೈಯೇ ಬರಲಿಲ್ಲ.

ದೀಪಾವಳಿ ಕಳೆಯಿತು. ಡಾಕ್ಟರು ಎದೆ, ಬೆನ್ನು ಎಲ್ಲ ಕೇಳಿ, ತಲೆದೂಗಿ, ಸಹಿ ಹಾಕಿ ಸರ್ಟಿಫಿಕೇಟು ಕೈಗಿತ್ತರು. ನೆಟ್ಟಗೆ ಸಾಂತಾಕ್ರೂಜ್‌ಗೆ ಹೋಗಿ ಭಾವನ ಮುಂದೆ ಹಿಡಿದೆ. ಅವರು ಕೈ ಒರೆಸಿಕೊಂಡು, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಶ್ವಾಸಕೋಶ ಸರಿ ಉಂಟಂತೆ. ನನಗೆ ಒಂದಾಣೆ ಕೊಡಲಿಕ್ಕಾಗದ ಹೊಟ್ಟೆಕಿಚ್ಚಿನ ವಿಷಯ ಡಾಕ್ಟರು ಎಂತದೂ ಬರೆಯಲಿಲ್ಲವಾ?"