ಎರಡು ಹಲ್ಲಿನ ಟ್ಯಾಬು

ಕಟಕೋಳದಿಂದ ಕಿತ್ತೂರಿನವರೆಗೆ ಎತ್ತು ಕೊಳ್ಳುವವರು ಯಾರೇ ಇರಲಿ, ಮುರಗೋಡದ ಶಂಕರೆಪ್ಪನವರನ್ನು ಜೊತೆಗೆ ಕರೆದುಕೊಳ್ಳದೆ ಸಂತೆಗೆ ಕಾಲಿಡುತ್ತಿರಲಿಲ್ಲ. ಅವರು ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವರು; ಹಣೆಯ ಮೇಲೆ, ಬೆನ್ನಿನ ಮೇಲೆ ಕೂದಲು ಸುತ್ತಿಕೊಂಡ ಸುಳಿ ನೋಡಿ ಅದನ್ನು ಕೊಳ್ಳುವವನ ಮನೆತನದ ಭವಿಷ್ಯವನ್ನೇ ಹೇಳುವರು. ಅವರು ‘ಬ್ಯಾಡ’ ಎಂದ ಎತ್ತನ್ನು ಪುಕ್ಕಟೆ ಕೊಟ್ಟರೂ ಯಾರೂ ಹಗ್ಗ ಹಿಡಿಯುತ್ತಿರಲಿಲ್ಲ. ಇಂಥ ಮಹಾಶಯರು ತಮ್ಮ ಸ್ವಂತ ಮನೆಗೆ ಆರಿಸಿ ತಂದ ಮಿಕ್ಸರು, ಫ್ಯಾನು, ಗೋಡೆ ಗಡಿಯಾರಗಳ ಗತಿ ಏನಾಯಿತೆಂದು ಊರಿನವರು ಕೇಳಿರಲಿಲ್ಲ. ಹೆಂಡತಿ ಸಿದ್ದಲಿಂಗವ್ವ ಹೇಳಿಯೂ ಇರಲಿಲ್ಲ. ಗಂಡನ ಮರ್ಯಾದೆ ಎಂದು ಒಂದಿರುತ್ತದಲ್ಲ.

ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಆ ಮನೆಯಲ್ಲಿ ಉಳಿದದ್ದು ಗಂಡ, ಹೆಂಡತಿ ಮತ್ತು ಒಂದು ಫೋನು. ತಂಟೆ ಹುಟ್ಟಿದ್ದೇ ಅಲ್ಲಿ. ಊಟವಾದ ಮೇಲೆ ಸಿದ್ದಲಿಂಗವ್ವನಿಗೆ ಅದರಲ್ಲಿ ಧಾರಾವಾಹಿ ನೋಡಬೇಕು, ಬಗೆಬಗೆಯ ಚಟ್ನಿಪುಡಿ ಹುಡುಕಬೇಕು. ಶಂಕರೆಪ್ಪನವರಿಗೂ ಅದೇ ಹೊತ್ತಿಗೆ ಫೋನು ಬೇಕು. ‘ಮಾರ್ಕೆಟ್ ರೇಟು ನೋಡಬೇಕು’ ಎಂಬುದು ಅವರ ಘೋಷಿತ ಕಾರಣ. ಅಘೋಷಿತ ಕಾರಣವೆಂದರೆ ಬಣ್ಣದ ಮಣಿಗಳನ್ನು ಸಾಲಾಗಿ ಜೋಡಿಸಿ ಒಡೆಯುವ ಒಂದು ಆಟ. ಅದರಲ್ಲಿ ಅವರು ಊರಿನ ಯಾವ ಕಾಲೇಜು ಹುಡುಗನೂ ಮುಟ್ಟದ ಮಟ್ಟ ಮುಟ್ಟಿದ್ದರು. (ಈ ಗುಟ್ಟು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ಅವರ ದೃಢವಾದ ನಂಬಿಕೆ.)

“ಹತ್ತಿ ರೇಟು ಟಣ್ ಟಣ್ ಅಂತೈತೇನ್ರಿ?” ಎಂದು ಸಿದ್ದಲಿಂಗವ್ವ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಕೇಳಿದಳು.

“ಏರಿದ್ರ ಅಂತೈತಿ.”

“ಹಂಗಾರ ಇವತ್ತ ಭಾಳ ಏರೇತಿ ಬಿಡ್ರಿ. ಮಾರೂದಿದ್ರ ಈಗ ಮಾರಿಬಿಡ್ರಿ.”

ಶಂಕರೆಪ್ಪನವರು ಫೋನಿನ ದನಿ ಸಣ್ಣದು ಮಾಡಿದರು. ಸಿದ್ದಲಿಂಗವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಒಂದು ಟ್ಯಾಬು ತೆಗೆದುಕೊಂಡರೆ ಇಬ್ಬರ ಜಗಳವೂ ಹರಿಯುತ್ತದೆ, ಭಾಳ ತುಟ್ಟಿಯದು ಬೇಡ, ಧಾರಾವಾಹಿ ಚೆಂದ ಕಾಣಬೇಕು, ಏನಾದರೂ ಹುಡುಕಿದರೆ ಲಗೂನೆ ಸಿಗಬೇಕು, ಅಷ್ಟೇ ಸಾಕು ಎಂದಳು. ಟ್ಯಾಬು ಬಂದರೆ ಫೋನು ತಮ್ಮೊಬ್ಬರದೇ ಆಗುತ್ತದೆ ಎಂಬುದು ಶಂಕರೆಪ್ಪನವರಿಗೆ ಹೊಳೆಯಲು ತಡವಾಗಲಿಲ್ಲ. ಅವರು ಎಷ್ಟು ಬೇಗ ಒಪ್ಪಿದರೆಂದರೆ ಸಿದ್ದಲಿಂಗವ್ವನಿಗೆ ಸಂಶಯವೇ ಬಂತು.

“ಅದನ್ನ ಆರಸೂದು ಹೆಂಗ ಅಂತ ಒಬ್ಬಾಕಿ ಹುಡುಗಿ ವಿಡಿಯೋದಾಗ ಹೇಳತಾಳ್ರಿ. ನಾ ಎಲ್ಲಾ ನೋಡೇನಿ. ಆರಕ್ಕಿಂತ ಕಡಿಮಿ ಇರಬಾರದಂತ...”

“ಒಲಿ ಮುಂದ ಕುಂತು ಎತ್ತು ಆರಿಸಿದವರನ್ನ ನಾ ಕಂಡಿಲ್ಲ,” ಎಂದರು ಶಂಕರೆಪ್ಪನವರು. “ನೀ ಸುಮ್ಮ ಬಾ. ಆರಿಸಾವ ನಾ.”

ಬೈಲಹೊಂಗಲದ ಬಜಾರಿನಲ್ಲಿ ವೀರಪ್ಪನ ಮೊಬೈಲ್ ಅಂಗಡಿ. ಮುಂದೆ ಅಗಲ ಕಡಿಮೆ, ಒಳಗೆ ಉದ್ದ ಜಾಸ್ತಿ. ವೀರಪ್ಪ ಒಳಗಿನ ಗಾಜಿನ ಪೆಟ್ಟಿಗೆಯಿಂದ ಎರಡು ಟ್ಯಾಬು ತೆಗೆದು ಎದುರಿಗಿಟ್ಟ. ಒಂದು ಕರಿಯದು, ಒಂದು ಬಿಳಿಯದು.

“ಕರೇದು ಆರು ಜಿಬಿ ರ‍್ಯಾಮ್ ಐತ್ರಿ ಯಜಮಾನ್ರ. ಬಿಳೇದು ಎರಡು. ಬಿಳೇದು ಸ್ವಲ್ಪ ಸೋವಿ ಬೀಳತೈತಿ, ಆದ್ರ ಸಿನಿಮಾ, ಗೇಮು, ಇಂಟರ್ನೆಟ್ ಎಲ್ಲಾ ನೋಡವ್ರಿಗೆ ಕರೇದ ಚಲೋರಿ.”

“ಗೇಮು ಯಾರೂ ಆಡೂದಿಲ್ಲ,” ಎಂದು ಯಾರೂ ಕೇಳದಿದ್ದರೂ ಶಂಕರೆಪ್ಪನವರು ಸ್ಪಷ್ಟಪಡಿಸಿದರು. ಆಮೇಲೆ ಎರಡನ್ನೂ ಕೈಯಲ್ಲಿ ತೂಗಿ ನೋಡಿದರು. ಬೆನ್ನು ಸವರಿದರು, ಅಂಗೈಯಿಂದ ತಟ್ಟಿದರು. ಮುಂದೊಂದು, ಹಿಂದೊಂದು ಕ್ಯಾಮೆರಾದ ಕಣ್ಣಿರುವುದು ಅವರ ಎತ್ತಿನ ಅನುಭವದಲ್ಲಿ ಹೊಸದು; ಅದನ್ನು ದೋಷವೆಂದು ಎಣಿಸಲಿಲ್ಲ.

“ಆರು ಹಲ್ಲಿಂದು ಅಂದ್ರ ಆತಲ್ಲ ಅದರ ಕತಿ,” ಎಂದರು ಕೊನೆಗೆ. “ಇನ್ನೆರಡು ಬಂದ್ರ ಬಾಯಿಗೂಡಿ ಮುದಿ ಆಗತೈತಿ. ಎರಡು ಹಲ್ಲಿಂದು ಎಳೇದು. ಮನ್ಯಾಗ ಮೇದು ಬೆಳೀತೈತಿ.”

“ಇದು ಬೆಳಿಯೂದಿಲ್ರಿ ಯಜಮಾನ್ರ.”

“ಮೇಯಿಸಾವ್ರು ಸರಿ ಇರಬೇಕು.”

ವೀರಪ್ಪ ಸಿದ್ದಲಿಂಗವ್ವನ ಮುಖ ನೋಡಿದ. ಆಕೆ ಕರಿಯದರ ಮೇಲೆ ಬೆರಳಿಟ್ಟು, “ಇದ ಇರಲ್ರಿ. ಆ ಹುಡುಗೀನೂ ಇಂಥಾದ್ದ ಹೇಳಿದ್ಲು,” ಎಂದಳು. ಕರಿಯದರಲ್ಲಿ ಒಂದು ಧಾರಾವಾಹಿ ಹಚ್ಚಿ ತೋರಿಸಲು ವೀರಪ್ಪ ತನ್ನ ಫೋನಿನ ನೆಟ್ಟು ಕೊಟ್ಟ. ಅಂಗಡಿಯ ಒಳಭಾಗದಲ್ಲಿ ನೆಟ್ಟು ಬರುವುದೇ ಕಷ್ಟ. ಪರದೆ ಕಪ್ಪಾಗಿ, ನಟ್ಟನಡುವೆ ಒಂದು ಬಿಳಿಯ ಗೆರೆ ಗುಂಡಗೆ ತಿರುಗತೊಡಗಿತು.

ಶಂಕರೆಪ್ಪನವರು ಮುಂದೆ ಬಾಗಿದರು. ಕನ್ನಡಕ ಏರಿಸಿದರು. ಮುಖ ಗಂಭೀರವಾಯಿತು.

“ಸುಳಿ!” ಎಂದರು. “ನಡು ಹಣ್ಯಾಗ ಸುಳಿ ಐತಿ. ಇಂಥಾದ್ದು ಹೊಕ್ಕ ಮನಿ ಉದ್ಧಾರ ಆದದ್ದಿಲ್ಲ.”

“ಅದು ಲೋಡ್ ಆಗಾಕ ಹತ್ತೇತ್ರಿ. ನೆಟ್ಟಿಂದು ತಪ್ಪು, ಅದರದಲ್ರಿ.”

“ಮಾರಾವ್ರು ಹಿಂಗ ಅನ್ನೂದು. ಬಿಳೇದನ್ನ ತೋರಿಸು.”

ಬಿಳಿಯದರಲ್ಲಿ ಕಂಪನಿಯವರೇ ತುಂಬಿಟ್ಟ ಜಲಪಾತವೊಂದು ಬೆಳಗಿನಿಂದ ಎಡೆಬಿಡದೆ ಧುಮುಕುತ್ತಿತ್ತು. ಅದಕ್ಕೆ ನೆಟ್ಟೂ ಬೇಡ, ಏನೂ ಬೇಡ. ಶಂಕರೆಪ್ಪನವರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮೈಯಲ್ಲಿ ಎಲ್ಲಿಯೂ ಸುಳಿ ಇಲ್ಲವೆಂದು ಘೋಷಿಸಿದರು. ಸಿದ್ದಲಿಂಗವ್ವನ ಬೆರಳು ಇನ್ನೂ ಕರಿಯದರ ಮೇಲೆಯೇ ಇತ್ತು. ಅದನ್ನು ಕಂಡು ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಊರೂರಿನವರು ನಂಬುವ ಕಣ್ಣನ್ನು ಸ್ವಂತ ಹೆಂಡತಿಯೇ ನಂಬುವುದಿಲ್ಲವೆಂದರೆ!

“ನೋಡು, ನನ್ನ ಆಯ್ಕಿ ತಪ್ಪಿದ್ರ ನನ್ನ ಫೋನು ನಿನಗ. ಈ ಬಿಳೇ ಟ್ಯಾಬ್ ನಾ ಇಟಗೋತೇನಿ. ವೀರಪ್ಪನ ಮುಂದ ಹೇಳೇನಿ.”

ಸಿದ್ದಲಿಂಗವ್ವ ಬೆರಳು ತೆಗೆದಳು. “ವೀರಪ್ಪಣ್ಣ, ಕೇಳಿಸಿಕೊಂಡ್ರಿಲ್ಲೋ?” ಎಂದಷ್ಟೇ ಕೇಳಿದಳು.

ಇನ್ನು ಉಳಿದದ್ದು ವ್ಯವಹಾರ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಮುಗಿಸುತ್ತಾರೆ. ಶಂಕರೆಪ್ಪನವರು ಹೆಗಲ ಮೇಲಿನ ಟವೆಲ್ಲನ್ನು ವೀರಪ್ಪನ ಕೈಯ ಮೇಲೆ ಹಾಸಿ, ಅದರೊಳಗೆ ಕೈ ತೂರಿಸಿ, ಬೆರಳುಗಳನ್ನು ಗಟ್ಟಿಯಾಗಿ ಹಿಡಿದರು. ಬೆಲೆ ಡಬ್ಬಿಯ ಮೇಲೆ ಅಚ್ಚಾಗಿದೆ ಎಂದು ವೀರಪ್ಪ ಎಷ್ಟು ಹೇಳಿದರೂ ಬಿಡಲಿಲ್ಲ. ಹಿಂದೆ ನಿಂತ ಗಿರಾಕಿಗಳು ಆಕಳಿಸತೊಡಗಿದಾಗ ಆತ ಕೈ ಬಿಡಿಸಿಕೊಳ್ಳುವ ಸಲುವಾಗಿ ಒಂದು ಕವರು ಪುಕ್ಕಟೆ ಕೊಟ್ಟ. ಮುರಗೋಡದ ಬಸ್ಸಿನಲ್ಲಿ ಶಂಕರೆಪ್ಪನವರು ದಾರಿಯುದ್ದಕ್ಕೂ ಆ ಕವರಿನ ಗುಣಗಾನ ಮಾಡಿದರು.

ಮನೆಯ ಹೊಸ್ತಿಲಲ್ಲಿ ಟ್ಯಾಬಿಗೆ ಆರತಿಯಾಯಿತು. ಹೊಸ ಎತ್ತು ಒಳಗೆ ಬರುವಾಗ ಮಾಡುವ ಹಾಗೆ ಶಂಕರೆಪ್ಪನವರು ಕೈಯಾರೆ ಕುಂಕುಮ ಹಚ್ಚಿದರು. ಮುಂದೆ ಹಚ್ಚಿದರೆ ಪರದೆ ಹೊಲಸಾಗುತ್ತದೆಂದು ಸಿದ್ದಲಿಂಗವ್ವ ಅಂದದ್ದಕ್ಕೆ ಬೆನ್ನಿಗೆ ಹಚ್ಚಿದರು. ಹಿಂದಿನ ಕಣ್ಣಿಗೂ ಸ್ವಲ್ಪ ಹತ್ತಿತು. ಆಮೇಲೆ ಫೋನಿನ ನೆಟ್ಟನ್ನು ಟ್ಯಾಬಿಗೆ ಕೊಟ್ಟು, ಇಬ್ಬರೂ ಗೋಡೆಗೆ ಒರಗಿ ಧಾರಾವಾಹಿ ನೋಡಲು ಕುಳಿತರು. ಅತ್ತೆ ಸೊಸೆಯ ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಪರದೆಯ ನಟ್ಟನಡುವೆ ಬಿಳಿಯ ಗೆರೆಯೊಂದು ಗುಂಡಗೆ ತಿರುಗತೊಡಗಿತು.

ಸಿದ್ದಲಿಂಗವ್ವ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದಳು. ಅತ್ತೆಯ ಕೈ ಇನ್ನೂ ಇಳಿದಿರಲಿಲ್ಲ.

“ಸುಳಿರಿ,” ಎಂದಳು ಸಿದ್ದಲಿಂಗವ್ವ.

“ಸುಳಿ ಎಲ್ಲೈತಿ? ನೆಟ್ಟಿಲ್ಲ.”

“ಅಂಗಡ್ಯಾಗಿನ ಕರೇದರ ಹಣ್ಯಾಗಿದ್ರ ಸುಳಿ, ನಮ್ಮದಕ್ಕಾದ್ರ ನೆಟ್ಟಿಲ್ಲೇನ್ರಿ?”

ಅಷ್ಟಕ್ಕೇ ಬಿಡದೆ ಆಕೆ ಫೋನನ್ನು ಟ್ಯಾಬಿನ ಪಕ್ಕಕ್ಕೆ ಇಟ್ಟು ಅದೇ ಧಾರಾವಾಹಿಯನ್ನು ಅದರಲ್ಲಿಯೂ ಹಚ್ಚಿದಳು. ಎರಡಕ್ಕೂ ನೆಟ್ಟು ಒಂದೇ. ಫೋನಿನಲ್ಲಿ ಅತ್ತೆ ಹೊಡೆದಳು, ಸೊಸೆ ಅತ್ತಳು, ಮಗ ಬಂದು ಇಬ್ಬರಿಗೂ ಬುದ್ಧಿ ಹೇಳಿದ, ಜಾಹೀರಾತೂ ಬಂದು ಹೋಯಿತು. ಟ್ಯಾಬಿನ ಅತ್ತೆ ಮಾತ್ರ ಕೈ ಎತ್ತಿಕೊಂಡೇ ನಿಂತಿದ್ದಳು. ಶಂಕರೆಪ್ಪನವರಿಗೆ ಒಳಗೊಳಗೇ ಹೆದರಿಕೆ ಹುಟ್ಟಿತು, ಆದರೂ, “ಹೊಸಾ ಮನಿ, ಬೆದರೇತಿ. ಎಳೇದು, ಪಳಗಬೇಕು. ಹೊಟ್ಟಿ ತುಂಬ ಚಾರ್ಜ್ ಹಾಕು,” ಎಂದರು.

ಚಾರ್ಜು ಹೊಟ್ಟೆ ತುಂಬ ಹಾಕಿದರು. ಕಿಟಕಿಗೆ ಇಟ್ಟರು, ಹಿತ್ತಲಿಗೆ ಒಯ್ದರು, ಮಾಳಿಗೆ ಹತ್ತಿಸಿದರು. ಸಿದ್ದಲಿಂಗವ್ವ ಅಗಸಿ ಚಟ್ನಿ ಎಂದು ಹುಡುಕಲು ಕೊಟ್ಟು, ಅದು ತೋರಿಸುವುದರೊಳಗೆ ಅಗಸಿ ಹುರಿದು, ಕುಟ್ಟಿ, ಡಬ್ಬಿಗೆ ತುಂಬಿದಳು. ಎರಡು ಹಲ್ಲಿನ ಟ್ಯಾಬಿಗೆ ಮೂರನೆಯ ಹಲ್ಲು ಮೂಡುವ ಲಕ್ಷಣ ಕಾಣಲಿಲ್ಲ.

ಕೊನೆಗೆ ಶಂಕರೆಪ್ಪನವರು ಹೆಂಡತಿಗೆ ಹೇಳದೆ ಟ್ಯಾಬನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದರು. ಸಂತೆಯಲ್ಲಿ ಕೊಂಡ ಎತ್ತು ಹೂಡಿದಾಗ ಎಳೆಯದಿದ್ದರೆ ತಿರುಗಿ ಕೊಡುವ ರೂಢಿ ಇದೆ, ಅದೇ ರೂಢಿಯ ಪ್ರಕಾರ ಇದನ್ನು ಇಟ್ಟುಕೊಂಡು ಕರಿಯದನ್ನು ಕೊಡು ಎಂದು ವೀರಪ್ಪನಿಗೆ ಮೆಲ್ಲಗೆ ಹೇಳಿದರು. ವೀರಪ್ಪ ಟ್ಯಾಬನ್ನು ಬೋರಲು ಹಾಕಿದ. ಹಿಂದಿನ ಕಣ್ಣಿನ ಸುತ್ತ ಕುಂಕುಮ ಕೂತಿತ್ತು.

“ಯಜಮಾನ್ರ, ನಮ್ಮಪ್ಪ ಒಮ್ಮಿ ಒಂದು ಎತ್ತು ತಿರುಗಿ ಕೊಡಾಕ ಹೊಂಟಿದ್ದ. ನ್ಯಾಯ ನೀವ ಹೇಳಿದ್ರಿ. ನೆನಪೈತೇನ್ರಿ?”

ಶಂಕರೆಪ್ಪನವರಿಗೆ ನೆನಪಿತ್ತು. ಕುಂಕುಮ ಹಚ್ಚಿ ಹೊಸ್ತಿಲು ದಾಟಿಸಿದ ಎತ್ತು ಮನೆಯ ಮಗ ಇದ್ದಂತೆ, ಅದನ್ನು ತಿರುಗಿ ಕೊಡಲು ಬರುವುದಿಲ್ಲ ಎಂದು ಅವರೇ ಸಂತೆಯ ನಡುವೆ ನಿಂತು ಗಟ್ಟಿಯಾಗಿ ಹೇಳಿದ್ದರು. ಆ ನ್ಯಾಯಕ್ಕೆ ಆಗ ನಾಲ್ಕೂ ಕಡೆಯಿಂದ ಭೇಷ್ ಎಂದಿದ್ದರು. ಅವರು ಟ್ಯಾಬನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿದರು. ಬಸ್ಸಿನಲ್ಲಿ ಅವರಿಗೆ ನಿಜವಾಗಿಯೂ ಕೆಟ್ಟದೆನಿಸಿತು.

ಹೊಸ್ತಿಲಲ್ಲಿಯೇ ಸಿದ್ದಲಿಂಗವ್ವ ಟವೆಲ್ಲಿನ ಗಂಟು ಕಂಡು, ವೀರಪ್ಪನ ಮುಂದೆ ಆಡಿದ ಮಾತು ನೆನಪಿಸಿ ಕೈ ಚಾಚಿದಳು. ಶಂಕರೆಪ್ಪನವರು ಮಾತಿಗೆ ತಪ್ಪುವವರಲ್ಲ. ಅಂಗಿಯ ಕಿಸೆಯಿಂದ ಫೋನು ತೆಗೆದು ಕೊಟ್ಟರು.

ಅವತ್ತಿನಿಂದ ಫೋನು ಬಂದರೆ ಸಿದ್ದಲಿಂಗವ್ವನೇ ಎತ್ತುತ್ತಾಳೆ. ಶಂಕರೆಪ್ಪನವರು ಕಟ್ಟೆಯ ಮೇಲೆ ಕುಳಿತು ಟ್ಯಾಬಿನಲ್ಲಿ ಮಣಿ ಆಟವನ್ನು ಮೊದಲ ಮಟ್ಟದಿಂದ ಶುರು ಮಾಡಿದರು. ಒಂದು ಮಣಿ ಸರಿಸಿದರೆ ಅದು ಹೋಗಲೋ ಬೇಡವೋ ಎಂದು ಬಹಳ ಹೊತ್ತು ವಿಚಾರ ಮಾಡುತ್ತಿತ್ತು. ಒಂದು ಸಂಜೆ ಒಳಗಿನಿಂದ ‘ಟಣ್’ ಎಂದು ಕೇಳಿಸಿತು. ಆ ದನಿಯ ಗುರುತು ಅವರಿಗಿಲ್ಲದೆ ಇನ್ನಾರಿಗಿರಬೇಕು?

“ಏನ್ ಮಾಡಾಕ ಹತ್ತೀ?” ಎಂದು ಕಟ್ಟೆಯಿಂದಲೇ ಕೇಳಿದರು.

“ಹತ್ತಿ ರೇಟು ನೋಡಾಕ ಹತ್ತೇನ್ರಿ. ನೀವು ಬಿಟ್ಟಲ್ಲಿಂದ ಏರಾಕ ಹತ್ತೇತಿ.”

ಮರುದಿನ ಬೆಳಿಗ್ಗೆ ಲಗಮಪ್ಪ ಬಂದ. ಐದಾರು ಜೋಡಿ ಎತ್ತನ್ನು ಶಂಕರೆಪ್ಪನವರ ಕಣ್ಣಿನಿಂದಲೇ ಕೊಂಡವನು. ಅವನನ್ನು ಕಂಡೊಡನೆ ಅವರ ಜೀವ ಗೆಲುವಾಯಿತು. ಸರಿಸಿದ ಮಣಿಯನ್ನು ಅಲ್ಲಿಯೇ ಬಿಟ್ಟು, ಟ್ಯಾಬನ್ನು ಬೋರಲಿಟ್ಟು, ಹೆಗಲ ಟವೆಲ್ಲು ಕೊಡವಿದರು.

“ಬಾ ಲಗಮಪ್ಪ. ಯಾವ ಸಂತಿಗೆ? ಸವದತ್ತಿಗೋ?”

“ಸಂತಿಗಲ್ರಿ ಯಜಮಾನ್ರ. ಮಗಳಿಗೆ ಟ್ಯಾಬ್ ಬೇಕಾಗಿತ್ರಿ.”

“ನಡಿ, ನಾ ಬರತೇನಿ.”

ಲಗಮಪ್ಪ ಕೈ ಕೈ ಹಿಸುಕಿಕೊಂಡ. “ನಿಮ್ಮನ್ನಲ್ರಿ... ಅಕ್ಕಾರ್ನ ಕರಕೊಂಡು ಹೋಗಾಕ ಬಂದೇನ್ರಿ. ನಿಮಗಂತ ಫೋನ್ ಹಚ್ಚಿದ್ರ ಅಕ್ಕಾರು ಎತ್ತಿದ್ರು. ಎಷ್ಟ್ ಚಂದ ತಿಳಿಸಿ ಹೇಳಿದ್ರರಿ!”

ಸಿದ್ದಲಿಂಗವ್ವನವರು (ಇನ್ನು ಮೇಲೆ ಹೀಗೆಯೇ ಕರೆಯಬೇಕು) ಇಳಕಲ್ ಸೀರೆ ಉಟ್ಟು, ಫೋನು ಹಿಡಿದುಕೊಂಡು ಹೊರಗೆ ಬಂದರು. ಶಂಕರೆಪ್ಪನವರಿಗೆ ತಡೆಯಲಾಗಲಿಲ್ಲ.

“ನಿನಗ ಅದರಾಗಿಂದ ಏನ್ ಗೊತ್ತೈತಿ? ಹೆಂಗ ಆರಿಸ್ತೀ?”

“ನಿಮ್ಮನ್ನ ನೆನಸ್ಕೊಂಡು ಆರಿಸ್ತೇನ್ರಿ,” ಎಂದರು ಸಿದ್ದಲಿಂಗವ್ವನವರು ಚಪ್ಪಲಿ ಮೆಟ್ಟುತ್ತ. “ಯಾವ್ದನ್ನ ನೀವು ಬ್ಯಾಡ ಅಂತಿದ್ರಿ, ಅದನ್ನ ಕೊಡಸ್ತೇನಿ.”

ಇಬ್ಬರೂ ಓಣಿಯ ತಿರುವು ದಾಟುವವರೆಗೆ ಶಂಕರೆಪ್ಪನವರು ನೋಡುತ್ತ ನಿಂತರು. ಆಮೇಲೆ ಕಟ್ಟೆಗೆ ಬಂದು ಟ್ಯಾಬನ್ನು ಅಂಗಾತ ತಿರುಗಿಸಿದರು. ಲಗಮಪ್ಪ ಬರುವುದಕ್ಕಿಂತ ಮುಂಚೆ ಸರಿಸಿದ ಮಣಿ ಅದೇ ಆಗ ಮೆಲ್ಲಗೆ ಹೊರಟಿತ್ತು.