ನೆಕ್ಕಿ ನೋಡಿ ಒಯ್ರಿ: ಅವ್ವನ ಪುಂಡಿ ಉಪ್ಪಿನಕಾಯಿ

ನಮ್ಮ ಮನಿಗೆ ಉಪ್ಪಿನಕಾಯಿ ಒಯ್ಯಾಕ ಬಂದವ್ರು ಬರೇ ಉಪ್ಪಿನಕಾಯಿ ಒಯ್ದು ಸುಮ್ನ ಹ್ವಾದ್ರ ನನಗ ಚಿಂತಿ ಹತ್ತತೈತಿ. ಅವ್ವಗ ಮೈಯಾಗ ಹುಷಾರಿಲ್ಲೇನು ಅಂತ ಹೊರಗ ಹೋಗಿ ನೋಡತೇನಿ. ವಾದ ಆಗಬೇಕು, ಇಲ್ಲಾ ನಗಿ ಆಗಬೇಕು, ಎರಡೂ ಆದ್ರ ಆ ದಿನ ಅವ್ವ ಒಂದ ರೊಟ್ಟಿ ಹೆಚ್ಚಿಗೆ ಉಣ್ಣತಾಳ.

ನಾನು ಹುಬ್ಬಳ್ಳಿ ಸರಕಾರಿ ಹೈಸ್ಕೂಲಿನ್ಯಾಗ ಗಣಿತ ಟೀಚರು. ಮನಿ ವಿದ್ಯಾನಗರದಾಗ. ಎಂಟು ವರ್ಷದ ಹಿಂದ ಅವ್ವನ್ನ ಉಪ್ಪಿನಬೆಟಗೇರಿಯಿಂದ ನಮ್ಮ ಕಡೆ ಕರಕೊಂಡ ಬಂದೆ. ಎರಡ ದಿನ ಟಿವಿ ನೋಡಿದ್ಲು. ಮೂರನೇ ದಿನ "ಏ ತಂಗಿ, ಹಿಂಗ ಕುಂತ್ರ ನನ್ನ ಕೈ ಜಡ್ಡಗಟ್ಟತಾವು" ಅಂದಾಕಿನ, ಸಂತಿಗೆ ಹೋಗಿ ಒಂದ ಹೊರಿ ಪುಂಡಿಪಲ್ಲೆ, ಆ ಹುಳಿ ಸೊಪ್ಪು, ತಂದ್ಲು. ಸೋಸಿ, ತೊಳದು, ನೆರಳಾಗ ಆರಿಸಿ, ಶೇಂಗಾ ಎಣ್ಯಾಗ ಹುರದು, ಬ್ಯಾಡಗಿ ಖಾರ, ಬಳ್ಳೊಳ್ಳಿ, ಮೆಂತೆ ಹಾಕಿ ಭರಣಿ ತುಂಬಿಟ್ಲು. ಒಂದ ವಾರದಾಗ ಗೇಟಿಗೆ ಬೋರ್ಡ್ ಬಂತು: "ಪುಂಡಿ ಉಪ್ಪಿನಕಾಯಿ. ನೆಕ್ಕಿ ನೋಡಿ ಒಯ್ರಿ." ಅದರ ಕೆಳಗ ತನ್ನ ಹೆಸರು. ಹೆಸರು ಬೋರ್ಡಿನ ಅರ್ಧ ಜಾಗಾ ಹಿಡದಿತ್ತು.

೧. ಒಂದ ಕಣ್ಣ ಮುಚ್ಚಬೇಕು

ಖರೇ ಪುಂಡಿ ಉಪ್ಪಿನಕಾಯಿ ಹೆಂಗ ಆರಿಸೂದು ಅನ್ನೂದಕ್ಕ ಅವ್ವಂದು ಒಂದ ಕಾಯ್ದೆ ಐತಿ. ಬಂದವ್ರ ಕೈಯಾಗ ಕಟಕ ರೊಟ್ಟಿ ಚೂರು ಕೊಡತಾಳ. ಅದರ ಮ್ಯಾಲೆ ಕಡ್ಲಿಕಾಳಷ್ಟು ಉಪ್ಪಿನಕಾಯಿ ಇಡತಾಳ. ಆಮ್ಯಾಲೆ ಅವರ ಮಾರಿನ ನೋಡಕೋತ ಕುಂದರತಾಳ. ಹುಳಿ ಖರೇ ಇದ್ರ ತಿಂದವರ ಒಂದ ಕಣ್ಣು ತಾನ ಮುಚ್ಚಬೇಕು. ಮುಚ್ಚಲಿಲ್ಲಂದ್ರ ಇಬ್ಬರಾಗ ಒಬ್ಬರದು ತಪ್ಪೈತಿ, ಒಂದು ಉಪ್ಪಿನಕಾಯಿದು, ಇಲ್ಲಾ ನಾಲಿಗಿದು. ಉಪ್ಪಿನಕಾಯಿದು ಅಂತೂ ಅಲ್ಲ.

ಒಂದ ದಿನ ದಪ್ಪ ಮೀಶಿ ಸಾಹೇಬ್ರೊಬ್ಬರು ಹೆಂಡತಿ ಕರಕೊಂಡ ಬಂದ್ರು. ಕಾಯ್ದೆ ಕೇಳಿ ನಕ್ಕರು. "ನಮ್ಮ ಕಣ್ಣ ಹಂಗೆಲ್ಲಾ ಮುಚ್ಚಂಗಿಲ್ಲವಾ" ಅಂದ್ರು. ತಿಂದ್ರು. ಕಣ್ಣ ಮುಚ್ಚಲಿಲ್ಲ.

ಅವ್ವ ಬಾಟ್ಲಿ ವಾಪಸ್ ಒಳಗಿಟ್ಲು. "ನಿಮಗಿದು ತಗಲಲಿಲ್ಲ ಬಿಡ್ರಿ. ಬ್ಯಾರೆ ಕಡೆ ನೋಡ್ರಿ."

"ಏ, ಛಲೋ ಐತಿ, ಕೊಡವಾ."

"ಕಣ್ಣ ಮುಚ್ಚಿಲ್ಲ."

"ಇನ್ನೊಂದೀಟು ಹಾಕು, ನೋಡೂಣು."

ಅವ್ವ ಹಾಕಿದ್ಲು. ಮತ್ತೊಂದೀಟು ಹಾಕಿದ್ಲು. ಸಾಹೇಬ್ರ ಕಿವಿ ಕೆಂಪಾದ್ವು, ಮೀಶಿ ನಡಗಾಕ ಹತ್ತಿತು, ಕಣ್ಣಾಗ ನೀರು ಬಂದು ಗಲ್ಲದ ಮ್ಯಾಲೆ ಇಳೀತು. ಕಣ್ಣ ಮಾತ್ರ ದೊಡ್ಡದಾಗಿ ತಕ್ಕೊಂಡ ಕುಂತಿದ್ರು. ಕಡೀಕ ಅವರ ಹೆಂಡತಿನ ಬಾಯಿ ಬಿಟ್ರು: "ರೀ, ಮುಚ್ಚಿ ಬಿಡ್ರಿ. ನಾ ಕುಕ್ಕರ ಇಟ್ಟ ಬಂದೇನಿ."

ಸಾಹೇಬ್ರು ಎರಡೂ ಕಣ್ಣ ಮುಚ್ಚಿದ್ರು. ಅವ್ವ ಎರಡ ಬಾಟ್ಲಿ ಕೊಟ್ಲು.

೨. ಫೋನಿನ್ಯಾಗ ಹಸರ ಐತ್ರಿ

ಇನ್ನೊಬ್ಬ ಹುಡುಗ ಬಂದಿದ್ದ, ಹೊಸದಾಗಿ ಸಂಸಾರ ಹೂಡಿದಾಂವ. ಕೈಯಾಗ ಫೋನು. ಒಳ್ಳೆ ಪುಂಡಿ ಉಪ್ಪಿನಕಾಯಿ ಆರಿಸೂದು ಹೆಂಗ ಅಂತ ಯಾರೋ ಬರದಿದ್ದನ್ನ ತಕ್ಕೊಂಡು ಒಂದೊಂದ ಸಾಲು ಓದಿ ಅವ್ವನ ಪರೀಕ್ಷಾ ಮಾಡಾಕ ನಿಂತ.

"ಅಮ್ಮಾರ, ಇದು ಆಂಧ್ರದ್ದೇನ್ರಿ?"

"ಆಂಧ್ರದ್ದು ಆಂಧ್ರದಾಗ ಇರತೈತೋ ತಮ್ಮಾ. ಇದು ಉಪ್ಪಿನಬೆಟಗೇರಿದು."

"ಮತ್ತ ಇಷ್ಟ ಕರೀದ್ಯಾಕ ಐತ್ರಿ? ಇಲ್ಲಿ ನೋಡ್ರಿ, ಅಸಲಿ ಮಾಲು ಹಸರ ಇರತೈತಂತ." ಅವ ಫೋನ್ ಅವ್ವನ ಮೂಗಿಗೆ ಹಿಡದ.

ಅವ್ವ ಚಾಳೀಸು ಸರಿ ಮಾಡಕೊಂಡು ಫೋನ್ ನೋಡಿದ್ಲು, ಹುಡುಗನ್ನ ನೋಡಿದ್ಲು. "ನಿನ್ನ ಒಂದ ತಾಸು ಎಣ್ಯಾಗ ಹುರೀತೇನಿ ಬಾ. ನೀ ಇದ್ದ ಬಣ್ಣದಾಗ ಉಳದ್ರ ನಾನೂ ಹಸರ ಉಪ್ಪಿನಕಾಯಿ ಮಾಡತೇನಿ."

ಹುಡುಗ ಪಾಪ, ಬಿಡಲಿಲ್ಲ. ಮುಂದಿನ ಸಾಲು ಓದಿದ. "ಕೆಡಬಾರ್ದಂತ ಇದಕ್ಕ ಏನ ಹಾಕತೀರಿ?"

"ಏನೂ ಹಾಕಂಗಿಲ್ಲ."

"ಹಂಗಾರ ಕೆಡತೈತಲ್ರಿ?"

"ಕೆಡಾಕ ಉಳೀಬೇಕಲ್ಲೋ ನಮ್ಮಪ್ಪಾ!"

ಅವ ಮುಂದಿನ ವಾರ ಬಂದಾಗ ಫೋನ್ ಕಿಸೆದಾಗಿತ್ತು. ಬಾಟ್ಲಿ ಮುಗದಿತ್ತು.

೩. ಫೋಟೋ ಎಲ್ಲಿಡೂದು?

ಈಗ ಒಂದ ಮಾತು ಸೀದಾ ಹೇಳತೇನಿ. ನಮ್ಮ ಪಡಸಾಲ್ಯಾಗ ಬುದ್ಧನ ಫೋಟೋ ಇತ್ತು. ಬುದ್ಧ ಈಗ ಭಾಳ ಮಂದಿ ಮನ್ಯಾಗ ಇರತಾನ, ಶೋಕೇಸಿನ್ಯಾಗ, ಹೂವಿನ ಕುಂಡಿ ಬಾಜೂಕ. ನಮ್ಮ ಮನ್ಯಾಗ ದೇವರ ಜಗಲಿ ಮ್ಯಾಲೆ ಅವನೊಬ್ಬನ ಇದ್ದ. ಅದನ್ನ ನೋಡಿದ ಕೂಡ್ಲೆ ನಾವು ಊರಾಗ ಯಾವ ಕೇರಿಯವ್ರು ಅಂತ ಕೆಲವರಿಗೆ ತಿಳದು ಬಿಡತಿತ್ತು. ರೊಟ್ಟಿ ಚೂರು ತಿಂದು, ಕಣ್ಣ ಮುಚ್ಚಿ, "ಆಹಾ" ಅಂದು, ಕಣ್ಣ ತಗದಾಗ ಎದರಿಗೆ ಬುದ್ಧ. ಅಷ್ಟರಾಗ ಅವರಿಗೆ ಎಸಿಡಿಟಿ ನೆನಪಾಗತಿತ್ತು. ಕೆಲವರಿಗೆ ಶ್ರಾವಣ ನೆನಪಾಗತಿತ್ತು, ಮಾರ್ಚ್ ತಿಂಗಳದಾಗ.

ನನಗ ಸಿಟ್ಟು ಬರತಿತ್ತು. ಅವ್ವಗ ನಗಿ ಬರತಿತ್ತು. "ನಮ್ಮ ಬುದ್ಧ ಡಾಕ್ಟರ್ ಇದ್ದಂಗ ನೋಡ. ನೋಡಿದವರ ರೋಗೆಲ್ಲಾ ಹೊರಗ ಬೀಳತಾವು" ಅಂತಿದ್ಲು.

ಒಮ್ಮೆ ಪ್ಯಾಟ್ಯಾಗಿನ ಅಂಗಡಿ ಸಾಹುಕಾರ್ರು ಬಂದ್ರು. ಪಾಪ, ಕೆಟ್ಟ ಮನಶ್ಯಾ ಅಲ್ಲ. ತಿಂಗಳಿಗೆ ನೂರ ಬಾಟ್ಲಿ ನಾನ ತಗೊಂತೇನಿ ಅಂದ್ರು. ಜೊತಿಗೆ ಲೇಬಲ್ ಸೈತ ಮಾಡಿಸ್ಕೊಂಡ ಬಂದಿದ್ರು. ಅದರ ಮ್ಯಾಲೆ ಬಂಗಾರದ ನತ್ತು, ದೊಡ್ಡ ಕುಂಕುಮ, ಕಚ್ಚಿ ಸೀರಿ ಉಟ್ಟ ಮುದುಕಿ ಚಿತ್ರ. ಮ್ಯಾಲೆ "ಆಯಿ ಕೈಯಾಗಿನ ಮಡಿ ಉಪ್ಪಿನಕಾಯಿ" ಅಂತ ಬರದಿತ್ತು.

ಅವ್ವ ಲೇಬಲ್ ತಿರುಗಾಮುರುಗಾ ನೋಡಿದ್ಲು. "ಇವ್ರು ಯಾರ್ರಿ?"

"ಯಾರೂ ಅಲ್ರಿ ಅಮ್ಮಾರ. ಸುಮ್ನ ಚಿತ್ರ."

"ಇವರಿಗೆ ಪುಂಡಿ ಸೋಸಾಕ ಬರತೈತೇನು?"

"ಚಿತ್ರ ಐತ್ರಿ ಅದು…"

"ಕೈ ನಂದು, ಮಾರಿ ಇವರದು! ಹೆಬ್ಬಟ್ಟು ಸುಟಗೊಂಡದ್ದು ನಾನು, ನತ್ತ ಹಾಕ್ಕೊಂಡ ನಗಾಕಿ ಇಕಿ! ಸಾಹುಕಾರ್ರ, ತಿನ್ನಾವ್ರು ಯಾರ ಕೈದು ಅಂತ ತಿಳಕೊಂಡು ತಿನ್ನಲಿ. ಮುಚ್ಚಿ ಮಾರೂದು ನನ್ನ ಕಡೆ ಆಗಂಗಿಲ್ಲ. ಒಂದ ಬಾಟ್ಲಿ ಹೋದ್ರೂ ಅಷ್ಟ, ಹೋಗದಿದ್ರೂ ಅಷ್ಟ."

ಸಾಹುಕಾರ್ರು ಹೋಗ್ತಾ ನನ್ನ ಬಾಜೂಕ ಕರದು, "ಟೀಚರ್, ಆ ಫೋಟೋ ಒಂದ ಒಳಗಿನ ಖೋಲಿದಾಗ ಇಟ್ರ ವ್ಯಾಪಾರ ಛಲೋ ಆಗತೈತ್ರಿ. ಜಾಗಾ ಬದಲ ಮಾಡ್ರಿ" ಅಂದ್ರು. ನಾ ಹೇಳಬಾರದಾಗಿತ್ತು, ಅವ್ವನ ಮುಂದ ಹೇಳಿದೆ.

"ಖರೇ ಐತಿ, ಆ ಜಾಗಾ ಸರಿ ಇಲ್ಲ" ಅಂದ್ಲು ಅವ್ವ. ಮರುದಿನ ಬಡಿಗ್ಯಾರನ್ನ ಕರಸಿ ಫೋಟೋನ ಪಡಸಾಲಿಯಿಂದ ತಗಿಸಿ ಹೊರಗ ಗೇಟಿನ ಕಮಾನಿಗೆ ಹಾಕಿಸಿದ್ಲು. "ಒಳಗ ಬಂದು ನೆಕ್ಕಿ ಆಮ್ಯಾಲೆ ಗಾಬರಿ ಆಗೂದು ಬ್ಯಾಡ. ಹೊರಗ ನೋಡಿ ಒಳಗ ಬರ್ಲಿ. ನನ್ನ ರೊಟ್ಟಿ ಚೂರಾದ್ರೂ ಉಳೀತೈತಿ."

೪. ಬಾಟ್ಲ್ಯಾಗಿನ ಉಂಡಿ

ನಮ್ಮ ಎದರಮನ್ಯಾಗ ಬಾಯಾರು ಅದಾರ. ರಿಟಾಯರ್ ಆದ ಹೆಡ್ ಮೇಡಮ್ಮು. ಭಾಳ ಸಭ್ಯ ಮಂದಿ. ಎಂಟು ವರ್ಷ ದಿನಾ ತಮ್ಮ ಗೇಟಿನ್ಯಾಗ ನಿಂತು ನಕ್ಕಾರ. "ಊಟ ಆತೇನ್ರಿ?" ಅಂದಾರ. ದೀಪಾವಳಿಗೆ ಓಣಿಗೆಲ್ಲಾ ಬೇಸನ್ ಉಂಡಿ ಹಂಚತಾರ, ಪ್ರತಿ ಉಂಡಿ ನೆತ್ತಿ ಮ್ಯಾಲೆ ಒಂದ ದ್ರಾಕ್ಷಿ. ನಮಗೂ ಕೊಡತಾರ. ಕೊಡತಾರ, ಆದ್ರ ನಮ್ಮದು ಏನೂ ತಗೊಳ್ಳಂಗಿಲ್ಲ. "ಡಾಕ್ಟರ್ ಹುಳಿ ಬ್ಯಾಡಂದಾರ್ರಿ" ಅಂತಾರ. ನಮ್ಮ ಹೊಸ್ತಲಾ ಒಮ್ಮೆನೂ ದಾಟಿಲ್ಲ. ಅವ್ವಗ ಉಳದವರು ಬರಲಿಲ್ಲಂದ್ರ ನಗಿ, ಇವರು ಬರಲಿಲ್ಲಂದ್ರ ಮಾತ್ರ ಮನಸಿಗೆ ಹತ್ತತಿತ್ತು. ಬಾಯಿ ಬಿಟ್ಟು ಹೇಳತಿದ್ದಿಲ್ಲ. ನನಗ ಗೊತ್ತಾಗತಿತ್ತು.

ನಮ್ಮ ಓಣಿ ತುದಿಗೆ ಒಬ್ಬ ಆಟೋದಾಂವ ಅದಾನ. ಒಬ್ಬನ ಇರತಾನ, ಖಾನಾವಳ್ಯಾಗ ಉಣ್ಣತಾನ. ಅವ ಹದಿನೈದ ದಿನಕ್ಕೊಮ್ಮೆ ಒಂದ ಬಾಟ್ಲಿ ಒಯ್ಯತಿದ್ದ. ಖಾಲಿ ಬಾಟ್ಲಿ ತೊಳದು ವಾಪಸ್ ತರತಿದ್ದ. ಅದರಾಗ ಒಮ್ಮೆ ಒಂದ ಹಿಡಿ ಸಕ್ಕರಿ ಇರತಿತ್ತು, ಒಮ್ಮೆ ನಾಕ ಬಾದಾಮಿ. ಯಾರರೆ ಕೊಟ್ಟ ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮ ಕಡೆ ಹೆಣಮಕ್ಕಳ ಕೈಗೆ ರೂಢಿ ಆಗಿರತೈತಿ. ಆಟೋದವರ ಕೈಗೆ ಈ ರೂಢಿ ಯಾವಾಗ ಬಂತು ಅಂತ ನನಗ ಸಂಶೆ ಇತ್ತು. ಅವ್ವ ಮಾತ್ರ "ಛಲೋ ಹುಡುಗ" ಅಂತಿದ್ಲು.

ಹೋದ ತಿಂಗಳ ಬಾಟ್ಲಿ ಮುಚ್ಚಳ ತಗದ್ರ ಒಳಗ ಬೇಸನ್ ಉಂಡಿ. ನೆತ್ತಿ ಮ್ಯಾಲೆ ಒಂದ ದ್ರಾಕ್ಷಿ.

ಅವ್ವ ಉಂಡಿನ ನೋಡಿದ್ಲು. ರಸ್ತೆದಾಚೆ ಮನಿ ನೋಡಿದ್ಲು. ಆಮ್ಯಾಲೆ ಆಟೋದಾಂವನ್ನ ಕುಂಡ್ರಿಸಿದ್ಲು. "ಈ ಉಂಡಿ ಯಾರ ಕಟ್ಟ್ಯಾರೋ?"

"ನಾನ ರೀ ಅವ್ವಾರ."

"ಹೌದ? ಭಾಳ ಛಲೋ ಕಟ್ಟೀದಿ." ಒಳಗ ಹೋಗಿ ಬೇಸನ್ನು, ತುಪ್ಪ, ಸಕ್ಕರಿ ಪರಾತದಾಗ ಹಾಕ್ಕೊಂಡ ಬಂದು ಅವನ ಮುಂದಿಟ್ಲು. "ನನಗೂ ಒಂದ ಕಟ್ಟಿ ತೋರ್ಸು."

ಆ ಬಡಪಾಯಿ ಹಸಿ ಹಿಟ್ಟಿನ್ಯಾಗ ಕೈ ಹಾಕಿದ. ಕಟ್ಟಿದ, ಒಡೀತು. ಮತ್ತ ಕಟ್ಟಿದ, ಮತ್ತ ಒಡೀತು. ಮೂರನೇದು ಒಡದಾಗ ತಾನೂ ಒಡದ. "ಬಾಯಾರ ತರಿಸ್ತಾರ್ರಿ. ನಾಕ ವರ್ಷ ಆತು. ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸ್ಕೊಂಡಾರ್ರಿ."

ನಾನು ಎದ್ದ ನಿಂತೆ. "ಇವತ್ತ ಓಣಿಗೆಲ್ಲಾ ಹೇಳತೇನಿ ನೋಡು" ಅಂದೆ. ಅವ್ವ ನನ್ನ ಸೆರಗ ಹಿಡದು ಕುಂಡ್ರಿಸಿದ್ಲು. "ನೀ ಹೇಳೂದು ಬ್ಯಾಡ. ಅವರ ಬಾಯಿಲೆ ಅವರ ಹೇಳ್ಲಿ." ಆಟೋದಾಂವಗ ಒಂದ ಬಾಟ್ಲಿ ಕೊಟ್ಲು. "ಇದ ಕಡೀದು. ಇನ್ನ ಬೇಕಂದ್ರ ತಿನ್ನಾವ್ರ ಬರ್ಲಿ. ನಡುವ ಹತ್ತ ಹೆಜ್ಜಿ ರಸ್ತೆ ಐತಿ, ಮಲಪ್ರಭಾ ಹೊಳಿ ಏನ ಹರಿಯಾಕತ್ತಿಲ್ಲ."

ಆಟೋದಾಂವ ಅಳು ಮಾರಿ ಮಾಡಿದ. "ಅವ್ವಾರ, ಬಾಯಾರು ಬಾಟ್ಲಿಗೆ ಎರಡ ಉಂಡಿ ನನಗ ಕೊಡತಿದ್ರಲ್ರಿ. ನನ್ನ ಗತಿ ಏನ್ರಿ?"

೫. ಬಾಯಾರು ಬಂದ್ರು

ಒಂದ ವಾರ ಸಪ್ಪಳಿಲ್ಲ. ಬಾಯಾರು ಗೇಟಿಗೂ ಬರಲಿಲ್ಲ. ಅವ್ವ ಬಾಗಲದಾಗ ಕುಂತು ಪುಂಡಿ ಸೋಸಕೋತ ಆ ಕಡೆನ ನೋಡತಿದ್ಲು. "ಬರಂಗಿಲ್ಲ ಬಿಡವಾ" ಅಂದೆ. "ಬರಲಿಲ್ಲಂದ್ರ ಇರ್ಲಿ. ನಾ ಏನ ಹೋಗಿ ಕರಿಯಂಗಿಲ್ಲ" ಅಂದ್ಲು. ಧ್ವನಿ ಸಣ್ಣದಾಗಿತ್ತು.

ಎಂಟನೇ ದಿನ, ರವಿವಾರ ಮುಂಜಾನೆ, ಓಣಿಯೆಲ್ಲಾ ಹಾಲು ಪೇಪರ್ ಅಂತ ಹೊರಗ ನಿಂತಾಗ ಎದರಮನಿ ಗೇಟು ಧಡಲ್ ಅಂತ ತಗೀತು. ಬಾಯಾರು ಕೈಯಾಗ ಬಾಟ್ಲಿ ಹಿಡಕೊಂಡು ರಸ್ತೆ ದಾಟಿ, ಬುದ್ಧನ ಕೆಳಗ ಹಾಯ್ದು, ಚಪ್ಪಲಿ ಬಿಟ್ಟು, ಸೀದಾ ಪಡಸಾಲಿಗೆ ಬಂದು ನಿಂತ್ರು. ಮಾರಿ ಬೆಂಕಿ ಬೆಂಕಿ.

"ಕಡೀ ಬಾಟ್ಲಿ ಅಂತ ಬೇಕಂತ ಹಿಂಗ ಕೊಟ್ಟೀರೇನ್ರಿ?"

ಅವ್ವ ಎದ್ದಳು. "ಏನಾಗೇತ್ರಿ ಅದಕ್ಕ?"

"ಏನಾಗೇತಿ! ಹುಳೀನ ಇಲ್ಲ! ಇದು ಕೆಂಪ ದಂಟಿನ ಪುಂಡಿ ಅಲ್ಲ, ಬಿಳಿ ದಂಟಿಂದು. ನನಗ ಗೊತ್ತಾಗಂಗಿಲ್ಲಂತ ತಿಳದೀರೇನು?"

ನಾನು ಅವ್ವನ ಮಾರಿ ನೋಡಿದೆ. ಆ ವಾರ ಶಿರಗುಪ್ಪಿಯಿಂದ ಕೆಂಪ ಪುಂಡಿ ತರಾಕಿ ಸಂತಿಗೆ ಬಂದಿದ್ದಿಲ್ಲ. ಅವ್ವ ಬಿಳಿ ದಂಟಿನ ಪುಂಡಿ ತಂದು ಹೆಂಗೋ ಹೊಂದಿಸಿದ್ಲು. ಇಪ್ಪತ್ತ ಬಾಟ್ಲಿ ಹೋಗಿದ್ವು. ಮೀಶಿ ಸಾಹೇಬ್ರೂ ಒಯ್ದಿದ್ರು, ಫೋನಿನ ಹುಡುಗನೂ ಒಯ್ದಿದ್ದ. ಒಬ್ಬರ ನಾಲಿಗಿಗೂ ಗೊತ್ತಾಗಿದ್ದಿಲ್ಲ. ಆದ್ರ ಅವ್ವ ಸೋಲಾಕಿ ಅಲ್ಲ.

"ನಿಮಗ ಹುಳಿ ಆಗಂಗಿಲ್ಲಲ್ರಿ ಬಾಯಾರ! ಹುಳಿ ಐತೋ ಇಲ್ಲೋ ನಿಮಗ ಹೆಂಗ ತಿಳೀತು?"

"ಹೆಂಗ ತಿಳೀತು! ನಾಕ ವರ್ಷ ತಿಂದೇನ್ರಿ ನಾನು!" ಬಾಯಾರ ಧ್ವನಿ ಇಡೀ ಸಾಲಿ ಪ್ರಾರ್ಥನಾಕ್ಕ ನಿಲ್ಲಿಸೋ ಧ್ವನಿ, ಓಣಿ ತುದಿ ಮುಟ್ಟಿತು. "ಹೋದ ಸಂಕ್ರಮಣದ್ದು ಎಷ್ಟ ಛಲೋ ಇತ್ತು! ದಸರಾದಾಗ ಮೆಂತೆ ಹೆಚ್ಚಾಗಿತ್ತು, ಸುಮ್ನ ತಿಂದೆ! ಪಂಚಮ್ಯಾಗ ಬಳ್ಳೊಳ್ಳಿ ಕಡಿಮಿ ಹಾಕಿದ್ರಿ, ಅದನ್ನೂ ಸುಮ್ನ ತಿಂದೆ! ಹೇಳ್ತೇನಿ ಅಂದ್ರ ಹೆಂಗ ಹೇಳ್ಲಿ ನಾನು?"

ಅಷ್ಟಂದ ಮ್ಯಾಲೆ ಬಾಯಾರಿಗೆ ತಾವು ಏನಂದ್ರು ಅಂತ ಗೊತ್ತಾತು. ಹೊರಗ ಹಾಲಿನಾಂವ, ಪೇಪರಿನಾಂವ, ಐದಾರು ಮನಿ ಮಂದಿ, ಎಲ್ಲಾರೂ ಬಾಯಿ ತಕ್ಕೊಂಡ ನಿಂತಿದ್ರು. ಎದರಿಗಿನ ಗೇಟಿನ್ಯಾಗ ಅವರ ಯಜಮಾನ್ರೂ ನಿಂತಿದ್ರು. ಅವರ ಕೈಯಾಗ ಅರ್ಧ ತಿಂದ ರೊಟ್ಟಿ ಇತ್ತು.

ಬಾಯಾರ ಕಣ್ಣಾಗ ನೀರು ಬಂತು. ಆದ್ರ ತಲಿ ತಗ್ಗಿಸಲಿಲ್ಲ. "ಹೌದು, ತಿಂದೇನಿ. ತಪ್ಪಾತು ಅಂದ್ರ ಕದ್ದ ತಿಂದದ್ದು ತಪ್ಪಾತು. ಅದಕ್ಕ ನೀವು ಬಿಳಿ ಪುಂಡಿ ಹಾಕೂದು ನ್ಯಾಯೇನ್ರಿ?"

"ಅದು ಕೆಂಪ ಪುಂಡೀನ!" ಅಂದ್ಲು ಅವ್ವ.

"ಬಿಳಿ!"

"ಕೆಂಪ!"

"ಬುದ್ಧನ್ನ ಗೇಟಿಗೆ ಹಾಕ್ಕೊಂಡು ಸುಳ್ಳ ಹೇಳತೀರಿ!"

ಅರ್ಧ ತಾಸು ನಡೀತ್ರಿ ಜಗಳ. ಅಡಗಿಮನಿ ತನಕ ಹೋಗಿ ಭರಣಿ ಮುಚ್ಚಳ ತಗದು ಬೆರಳ ಅದ್ದಿ ಇಬ್ಬರೂ ನೆಕ್ಕಿದ್ರು. ಅವ್ವ ದಿನಾ ಕುಂದರೂ ಮಣಿ ಮ್ಯಾಲೆ ಬಾಯಾರು ಕುಂತಿದ್ರು, ಕುಂತದ್ದು ಇಬ್ಬರಿಗೂ ಖಬರ ಇದ್ದಿಲ್ಲ. ಕಡೀಕ ಬಾಯಾರು ಸೆರಗ ಕೊಡವಿ ಎದ್ದು ಹೊರಬಿದ್ರು. ರಸ್ತೆ ನಡುವ ನಿಂತು ತಿರುಗಿದ್ರು.

"ನಾಳೆ ಮತ್ತ ಬರ್ತೇನಿ! ಇದು ಇನ್ನೂ ಮುಗದಿಲ್ಲ!"

ಅವ್ವ ಗೇಟಿನ್ಯಾಗ ನಿಂತು ಸೊಂಟದ ಮ್ಯಾಲೆ ಕೈ ಇಟ್ಟಳು. ಎಂಟು ವರ್ಷದಾಗ ಆಕಿ ಮಾರಿ ಅಷ್ಟ ಅರಳಿದ್ದು ನಾ ನೋಡಿದ್ದಿಲ್ಲ. ಧ್ವನಿ ಮಾತ್ರ ಇನ್ನೂ ಜಗಳದ್ದ.

"ಬರ್ರಿ! ಯಾರ ಬ್ಯಾಡಂದಾರ! ಚಾ ಕಾಸಿ ಇಟ್ಟಿರತೇನಿ, ಕುಡದ ಜಗಳಾಡೂಣು!"

ಬಾಯಾರು ತಮ್ಮ ಗೇಟಿನ ತನಕ ಹೋಗಿ ಮತ್ತ ತಿರುಗಿದ್ರು.

"ಸಕ್ಕರಿ ಹಾಕಬ್ಯಾಡ್ರಿ!" ಅಂತ ಒದರಿದ್ರು ಬಾಯಾರು. "ಖರೇನ ಶುಗರ್ ಐತಿ ನನಗ!"